ಪೂರ್ವಕ್ಕೆ ಮುಖ ಮಾಡಿ ಕೂತ ಇಂಜಿನ್

ಬೇರೆಯವರ ಮನೆಯಲ್ಲಿ ಸಾಮಾನು ಕೆಡುವುದಕ್ಕೆ ಒಂದು ಹೊತ್ತುಗೊತ್ತು ಇರುತ್ತದೋ ಏನೋ, ನಮ್ಮ ಮನೆಯಲ್ಲಂತೂ ಪುರಸೊತ್ತಿದ್ದಾಗ ಯಾವುದೂ ಕೆಟ್ಟದ್ದಿಲ್ಲ. ನನ್ನ ಹೊಲಿಗೆ ಮಷಿನ್ ಕೈ ಕೊಡುವುದು ಮದುವೆ ಸುಗ್ಗಿಯಲ್ಲಿ. ಗ್ಯಾಸ್ ತೀರುವುದು ಬೀಗರು ಬಂದು ಚಾಪೆಯ ಮೇಲೆ ಕೂತಾಗ. ನನಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ನಾನು ಕಂಡದ್ದರ ಅರ್ಧ ಕಂಡಿದ್ದರೆ ಕಟ್ಟೆಯ ಮೇಲಿನ ಕಲ್ಲಿಗೂ ಸಿಟ್ಟು ಬರುತ್ತಿತ್ತು.

ನಮ್ಮೂರು ಕಾಗಿಣಾ ಹೊಳೆಯ ದಂಡೆಗಿದೆ, ಮಳಖೇಡಕ್ಕಿಂತ ಸ್ವಲ್ಪ ಮೇಲೆ. ನಾವು ಸೇಡಂ ಕಡೆಯವರು. ಒಬ್ಬಳೇ ಮಗಳನ್ನು ಎದುರಿನ ದಂಡೆಗೆ, ಚಿತ್ತಾಪುರ ಕಡೆಯ ಊರಿಗೆ ಕೊಟ್ಟಿದ್ದೇವೆ. ನಮ್ಮ ಅಂಗಳದಲ್ಲಿ ನಿಂತು ನಾನು ಜೋರಾಗಿ ಬೈದರೆ ಅವಳ ಮನೆಯ ನಾಯಿ ಬೊಗಳುತ್ತದೆ, ಅಷ್ಟು ಹತ್ತಿರ. ನಡುವೆ ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಮೇಲೆ ಒಂದು ತಗ್ಗಿನ ಸೇತುವೆ ಇದೆ. ಈ ಸಲದ ಮೊದಲ ಮಳೆಗೆ ಅದಕ್ಕೆ ಕೂಡುವ ರಸ್ತೆ ಕೊಚ್ಚಿ ಹೋಯಿತು. ಸುತ್ತು ಹಾಕಿ ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಿ ಸಂಜೆಗೆ ಮುಟ್ಟಬೇಕು. ಉಳಿದದ್ದು ನನ್ನ ಗಂಡನ ಕಬ್ಬಿಣದ ದೋಣಿ. ಅವನ ಅಪ್ಪ, ಅಜ್ಜ ಎಲ್ಲ ಗಳೆ ಹಾಕಿ ದೋಣಿ ನಡೆಸಿದವರು. ನನ್ನ ಗಂಡ ಮಾತ್ರ ಇಂಜಿನ್ ಕೂಡಿಸಿದ.

ಆ ವಾರ ನನಗೆ ದೋಣಿ ಬೇಕೇಬೇಕಿತ್ತು. ಸೋಮವಾರ ಮಧ್ಯಾಹ್ನದ ಒಳಗೆ ಮಗಳ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ ಉಡಿ ತುಂಬಬೇಕು, ಅದೇ ದಿನ ಬೆಳಿಗ್ಗೆ ಮಾಡಿದ ಬುತ್ತಿ ಒಯ್ಯಬೇಕು. ಹಿಂದಿನ ದಿನವೇ ಹೋಗಿ ಉಳಿಯೋಣವೆಂದರೆ ಮಗಳ ಗಂಡನ ಮನೆಯಲ್ಲಿ ತಾಯಿ ರಾತ್ರಿ ಉಳಿಯುವ ರೂಢಿ ನಮ್ಮಲ್ಲಿಲ್ಲ. ಇದರ ಮೇಲೆ ನನ್ನ ಬೀಗ್ತಿ. ಬಾಯಿ ಎಂದರೆ ಬಾಯಿ. ಹೋದ ಪಂಚಮಿಗೆ ನಾವು ಸ್ವಲ್ಪ ತಡವಾಗಿ ಹೋದದ್ದಕ್ಕೆ ಓಣಿಯ ಹೆಂಗಸರೆಲ್ಲರ ಮುಂದೆ, "ನಿಮ್ಮ ಕಡೇದವ್ರು ಬರೂತನಕ ಕೂಸು ಹುಟ್ಟಿ ನಡೀಲಿಕ್ಕೆ ಹತ್ತತದ ಬಿಡ್ರಿ" ಅಂದಿದ್ದಳು. ಆಗ ಇನ್ನೂ ಕೂಸಿನ ಸುದ್ದಿಯೇ ಇರಲಿಲ್ಲ.

ಮಗಳು ದಿನಾ ಫೋನ್ ಮಾಡುತ್ತಿದ್ದಳು. "ಅವ್ವಾ, ಬುತ್ತಿ ತರದಿದ್ರೂ ನಡೀತದ. ನೀ ಮಾತ್ರ ಹೊತ್ತಿಗಿ ಸರಿಯಾಗಿ ಬಾ. ಇಲ್ಲಾಂದ್ರ ಈ ಮಾತು ನಾ ಸಾಯೂತನಕ ಕೇಳಬೇಕಾಗ್ತದ." ಬಸುರಿ ಹೆಣ್ಣು, ಸಣ್ಣಗೆ ಬೇಡಿಕೊಳ್ಳುತ್ತಿದ್ದಾಳೆ, ನಾನು ಇಲ್ಲಿ ಕೂತಿದ್ದೇನೆ.

೧. ಕಂಬಳಿ ಹೊದ್ದು ಬಂದ ಇಂಜಿನ್

ಬೇಸಿಗೆಯಲ್ಲಿ ನಮ್ಮ ದೋಣಿಗೆ ಕೆಲಸವಿಲ್ಲ. ಅಂಗಳದ ಬೇವಿನ ಗಿಡದ ಕೆಳಗೆ ಬಿದ್ದಿರುತ್ತದೆ, ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತವೆ. ಬಿಚ್ಚಿಟ್ಟ ಇಂಜಿನ್ನನ್ನು ಮಾತ್ರ ಯಾರಾದರೂ ಎರವಲು ಒಯ್ಯುತ್ತಿರುತ್ತಾರೆ. ಇಲ್ಲ ಎನ್ನುವ ಮಾತು ನನ್ನ ಗಂಡನ ನಾಲಗೆಗೆ ಬರುವುದಿಲ್ಲ. ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಹ್ಞೂಂ ಅನ್ನುವ ಮನುಷ್ಯ.

ಈ ಸಲ ಒಯ್ದವನು ನನ್ನ ಖಾಸಾ ತಮ್ಮ. ಶಹಾಬಾದದಲ್ಲಿ ಅವನದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿ. ಖಣಿಯಲ್ಲಿ ಮಳೆ ನೀರು ನಿಂತಿದೆ, ಎತ್ತಿ ಹಾಕಿ ತಂದುಕೊಡುತ್ತೇನೆ ಎಂದು ಒಯ್ದ. ಕುಬಸಕ್ಕೆ ನಾಲ್ಕು ದಿನ ಇರುವಾಗ ಟೆಂಪೋದಲ್ಲಿ ತಂದ. ಇಂಜಿನ್ನಿಗೆ ಹೊಸ ಕಂಬಳಿ ಹೊದಿಸಿದ್ದ. ಕೈಯಲ್ಲಿ ಒಂದು ಡಬ್ಬಿ ಪೇಡೆ.

ನನ್ನ ತಮ್ಮ ಹುಟ್ಟಿದಾಗಿನಿಂದ ನನಗೆ ಪೇಡೆ ತಂದವನಲ್ಲ. ಆಗಲೇ ನನಗೆ ಸಂಶಯ ಬಂತು.

"ಕಂಬಳಿ ಯಾಕ ಹೊಚ್ಚಿಯೋ ಇದಕ್ಕ?"

"ಥಂಡಿ ಅದಲ್ಲಕ್ಕಾ."

ಕಂಬಳಿ ಎಳೆದೆ. ಇಂಜಿನ್ನಿನ ತಲೆ ಬೆರಳು ತೂರುವಷ್ಟು ಸೀಳಿತ್ತು. ನನ್ನ ಗಂಡ ಬಗ್ಗಿ ನೋಡಿ, ಮುಟ್ಟಿ, ಇದು ಇನ್ನು ಗುಜರಿಗೇ ಎಂದ. ನೀರು ಹಾಕದೆ ಇಡೀ ದಿನ ಓಡಿಸಿ, ಕಾದು ಕೆಂಡವಾಗಿ ಒಡೆದದ್ದು. ನನ್ನ ಮೈಯೆಲ್ಲ ಉರಿದು ಹೋಯಿತು.

"ನೀರು ಎತ್ತಲಿಕ್ಕೆ ಒಯ್ದಾಂವ ಇಂಜಿನ್ನಿಗಿ ಒಂದು ಕೊಡ ನೀರು ಹಾಕ್ಲಿಲ್ಲೇನೋ, ಭಾಡ್ಯಾ?"

"ಸುತ್ತೆಲ್ಲಾ ನೀರೇ ಇತ್ತಲ್ಲಕ್ಕಾ. ಅದಕ್ಕ ಬ್ಯಾರೆ ಹಾಕಬೇಕಂತ ಹೊಳೀಲಿಲ್ಲ."

ನಾನು ಪೊರಕೆ ಹುಡುಕಿದೆ. ಬೇರೆ ಯಾರ ತಮ್ಮನಾಗಿದ್ದರೂ ನನ್ನ ಗಂಡ ಅಂದು ಕುಣಿಯುತ್ತಿದ್ದ. ಹೆಂಡತಿಯ ತಮ್ಮನಾದ್ದರಿಂದ ನನ್ನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿ, ಇನ್ನು ವರ್ಷಪೂರ್ತಿ ಅನ್ನುವುದಕ್ಕೆ ಒಂದು ಮಾತು ಸಿಕ್ಕಿತು ಎಂಬ ಸಮಾಧಾನದಲ್ಲಿ ಕಟ್ಟೆಯ ಮೇಲೆ ಕೂತು ಡಬ್ಬಿ ತೆರೆದ.

"ಪೇಡೆ ಚಲೋ ಅದಾವ," ಎಂದ.

೨. ನನ್ನ ಕತ್ತರಿ, ನನ್ನ ಪರಾತ

ತಮ್ಮನಿಗೂ ನಾಚಿಕೆ ಎಂಬುದು ಸ್ವಲ್ಪ ಇದೆ. ಮರುದಿನವೇ ಚಿಂಚೋಳಿ ಕಡೆಗೆ ಓಡಿ, ಸುಲೇಪೇಟದಲ್ಲಿ ಮುಚ್ಚಿಹೋದ ಒಂದು ಖಾರದ ಗಿರಣಿಯಿಂದ ಹಳೆಯ ಡೀಸೆಲ್ ಇಂಜಿನ್ ಎತ್ತಿಕೊಂಡು ಬಂದ. ನಮ್ಮದರ ಜಾತಿಯದೇ. ಎರಡು ಪಕ್ಕಕ್ಕೂ ಎರಡು ದೊಡ್ಡ ಚಕ್ರ, ನಡುವೆ ಹೊಟ್ಟೆ. ಇದನ್ನು ಬಿಚ್ಚಿ ತೊಳೆದು ಕೂಡಿಸಲು ನಮ್ಮ ಓಣಿಯ ಕೊನೆಯ ಮನೆಯ ಮಿಸ್ತ್ರಿ ಚಾಚಾ ಬಂದರು. ಶುಕ್ರವಾರದ ನಮಾಜು ಮುಗಿಸಿ ನೇರ ನಮ್ಮ ಅಂಗಳಕ್ಕೆ.

ಚಾಚಾ ಒಳ್ಳೆಯವರು. ಆದರೆ ಅವರ ಕೈಗೆ ನಮ್ಮದು ನಿಮ್ಮದು ಎಂಬ ಭೇದ ತಿಳಿಯದು. ಕೈಗೆ ಸಿಕ್ಕದ್ದು ಬೋಲ್ಟು ಬಿಚ್ಚುವ ಪಾನಾ, ಮುಂದೆ ಇದ್ದದ್ದು ಸುತ್ತಿಗೆ. ನಾನು ಒಳಗೆ ಮಗಳ ಹಸಿರು ಕುಬಸ ಹೊಲಿಯುತ್ತಿದ್ದೆ. ಒಂದು ತೋಳು ಮುಗಿದಿತ್ತು. ಎರಡನೆಯದನ್ನು ಕತ್ತರಿಸಲು ನೋಡುತ್ತೇನೆ, ಕತ್ತರಿ ಇಲ್ಲ.

ಹೊಲಿಗೆಯವರ ಕತ್ತರಿ ಎಂದರೆ ಏನೆಂದು ಹೊಲಿಗೆಯವರಿಗೇ ಗೊತ್ತು. ನನ್ನ ಕತ್ತರಿಯಿಂದ ನನ್ನ ಗಂಡ ಒಂದು ಸಲ ಹಾಲಿನ ಪಾಕೀಟು ಕತ್ತರಿಸಿದ್ದಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಹೊರಗೆ ಬಂದು ನೋಡಿದರೆ ಚಾಚಾ ಅದೇ ಕತ್ತರಿಯಿಂದ ರಟ್ಟು ಕತ್ತರಿಸುತ್ತಿದ್ದಾರೆ. ಇಂಜಿನ್ನಿನ ಎರಡು ಭಾಗದ ನಡುವೆ ಎಣ್ಣೆ ಸೋರದಂತೆ ಇಡುವ ಪ್ಯಾಕಿಂಗು. ಆ ರಟ್ಟು ಎಲ್ಲಿಯದು? ಮಗಳ ಹಸಿರು ಸೀರೆಯ ಡಬ್ಬಿಯದು!

"ಚಾಚಾ, ಅದು ಮಗಳ ಸೀರಿ ಡಬ್ಬಿ!"

"ಹೌದ್ ಭಾಭಿ, ಭಾಳ ಮಜಬೂತ್ ರಟ್ಟು ಅದ. ಸೀರಿ ತೆಗೆದು ಹೊರಸಿನ ಮ್ಯಾಲೆ ಇಟ್ಟೀನಿ, ಒಂದೀಟೂ ಮಾಸಿಲ್ಲ."

ಮಾಸಿರಲಿಲ್ಲ. ಆದರೆ ಅದನ್ನು ಎತ್ತಿ ಇಡುವಾಗ ಹೊಲಿದಿಟ್ಟ ತೋಳನ್ನೂ ಎತ್ತಿದ್ದರು. ಹಸಿರು ತೋಳಿನ ಮೇಲೆ ಕಪ್ಪು ಗ್ರೀಸಿನ ಒಂದು ಹೆಬ್ಬೆರಳು, ಗೆರೆ ಗೆರೆ ಸಮೇತ ಮೂಡಿತ್ತು. ಸಾಬೂನು, ಸೀಮೆಎಣ್ಣೆ, ಲಿಂಬೆಹಣ್ಣು ಏನು ಹಚ್ಚಿದರೂ ಹೋಗಲಿಲ್ಲ. ಅಂಚು ಸವೆದ ಕತ್ತರಿಯಿಂದ ಎರಡನೆಯ ತೋಳು ಕತ್ತರಿಸುವಾಗ ಬಟ್ಟೆ ಕಚ್ಚಿ ಕಚ್ಚಿ ಬಂತು. ನಾನು ಅತ್ತೇ ಬಿಟ್ಟೆ. ನೋಡುವವರಿಗೆ ಅದು ಸಿಟ್ಟಿನಂತೆ ಕಂಡಿರಬೇಕು, ಅಂಗಳದಲ್ಲಿ ಕೂತು ಸಲಹೆ ಕೊಡುತ್ತಿದ್ದ ನಾಲ್ವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಪರಾತದ ಸಂಗತಿ ಗೊತ್ತಾದದ್ದು ಆಮೇಲೆ. ಸಂಜೆ ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿದೆ. ಮೊದಲ ತುತ್ತಿಗೇ ನನಗೆ ವಾಸನೆ ಹೊಡೆಯಿತು. ಹಿಟ್ಟು ನಾದುವ ನನ್ನ ದೊಡ್ಡ ಪರಾತದಲ್ಲಿ ಮಧ್ಯಾಹ್ನ ಇಂಜಿನ್ನಿನ ಸಾಮಾನೆಲ್ಲ ಡೀಸೆಲ್ ಹಾಕಿ ತೊಳೆದು, ನನ್ನ ಹೆದರಿಕೆಗೆ ಒರೆಸಿ ಮತ್ತೆ ಅದೇ ಜಾಗದಲ್ಲಿ ಇಟ್ಟಿದ್ದರು. ನಾನು ತಾಟು ಬಿಟ್ಟು ಎದ್ದೆ. ಚಾಚಾ ಮಾತ್ರ ನಾಲ್ಕನೆಯ ರೊಟ್ಟಿಗೆ ಕೈ ಹಾಕಿ ಕೇಳಿದರು:

"ಭಾಭಿ, ರೊಟ್ಟಿ ಇವತ್ತು ಭಾಳ ಮೆತ್ತಗ ಆಗ್ಯಾವ. ಏನು ಹಾಕೀರಿ?"

೩. ದಿಕ್ಕು

ನನ್ನ ಗಂಡನಿಗೆ ಒಂದು ಹುಚ್ಚಿದೆ, ದಿಕ್ಕಿನ ಹುಚ್ಚು. ಮನೆಯಲ್ಲಿ ಯಾವ ಯಂತ್ರ ತಂದರೂ ಅದರ ಮುಖ ಪೂರ್ವಕ್ಕಿರಬೇಕು. ನಮ್ಮ ಫ್ರಿಜ್ಜು ಪೂರ್ವಕ್ಕೆ ಮುಖ ಮಾಡಿದೆ. ಎದುರಿಗೆ ಗೋಡೆ ಇರುವುದರಿಂದ ಬಾಗಿಲು ಅರ್ಧವೇ ತೆರೆಯುತ್ತದೆ, ಒಳಗಿನದನ್ನು ನಾನು ಕೈ ತೂರಿಸಿ ತಡಕಾಡಿ ತೆಗೆಯುತ್ತೇನೆ. ನನ್ನ ಹೊಲಿಗೆ ಮಷಿನ್ನಿಗೂ ಅದೇ ಗತಿ. ಬೆಳಕು ಬರುವ ಕಿಟಕಿ ನನ್ನ ಬೆನ್ನಿಗಿದೆ.

ಶನಿವಾರ ಇಂಜಿನ್ನನ್ನು ದೋಣಿಯಲ್ಲಿ ಕೂಡಿಸುವಾಗ ಅದೇ ತಕರಾರು ಎದ್ದಿತು. ದೋಣಿಯ ಮೂತಿ ಪಶ್ಚಿಮಕ್ಕಿತ್ತು. ಇಂಜಿನ್ನಿನ ಹ್ಯಾಂಡಲ್ ಇರುವ ಪಕ್ಕ ಅದರ ಮುಖವಂತೆ. ಹಳೆಯ ಇಂಜಿನ್ನಿನ ಹಾಗೆ ಆ ಪಕ್ಕವನ್ನು ದೋಣಿಯ ಮೂತಿಯ ಕಡೆಗೆ ಮಾಡಿ ಚಾಚಾ ಇಟ್ಟಿದ್ದರು.

"ಚಾಚಾ, ಇದು ಪಶ್ಚಿಮಕ್ಕ ಮಾರಿ ಮಾಡ್ಯದ. ಮೊದಲನೇ ಪೂಜಾ ಹ್ಯಾಂಗ ಮಾಡ್ಲಿ? ತಿರುಗ್ಸಿ ಕೂಡಸ್ರಿ," ಎಂದ ನನ್ನ ಗಂಡ.

"ಹಂಗಾರ ದೋಣೀನೇ ತಿರುಗಸ್ರಿ," ಎಂದೆ ನಾನು.

"ಬೇವಿನ ಗಿಡ ಅಡ್ಡ ಬರ್ತದ."

"ಹೊಳ್ಯಾಗ ಹೋದ ಮ್ಯಾಲೆ ದೋಣಿ ಯಾವ ದಿಕ್ಕಿಗಿ ತಿರುಗ್ತದೋ ಆ ದಿಕ್ಕಿಗೇ ಇಂಜಿನ್ ಮಾರಿ ಇರ್ತದ. ಅಲ್ಲಿ ಏನು ಮಾಡ್ತೀರಿ?"

"ಅದು ಹೊಳಿ. ಇದು ಮನಿ," ಎಂದ. ಈ ಮಾತಿಗೆ ಉತ್ತರ ಇದ್ದರೆ ಯಾರಾದರೂ ನನಗೆ ತಿಳಿಸಲಿ.

ಚಾಚಾ ಗಡ್ಡ ಕೆರೆದುಕೊಂಡು ಎರಡೂ ಕಡೆಯ ಚಕ್ರ ನೋಡಿದರು. ಬಿಗಿದಿದ್ದ ಬೋಲ್ಟುಗಳನ್ನೆಲ್ಲ ಬಿಚ್ಚಿದರು. ಎರಡು ಬೋಲ್ಟು ಮುರಿದವು. ನನ್ನ ತಮ್ಮ ಅವಕ್ಕಾಗಿ ವಾಡಿಗೆ ಓಡಿದ. ಅರ್ಧ ದಿನ ಹೀಗೇ ಹಾಳಾಯಿತು.

"ಚಾಚಾ, ಹಿಂಗ ತಿರುಗ್ಸಿ ಕೂಡಿಸಿದ್ರ ನಡೀತದೇನ್ರಿ?" ನಾನು ಮತ್ತೆ ಕೇಳಿದೆ.

"ಭಾಭಿ, ಇದಕ್ಕ ಎರಡೂ ಕಡಿ ಚಕ್ರ ಅದಾವ. ಯಾವ ಕಡಿಯಿಂದ ಜೋಡಿಸಿದ್ರೂ ನೀರು ತಳ್ಳೋ ಹಿಂದಿನ ಪಂಖಾ ತಿರುಗ್ತದ. ಫಿಕರ್ ಮಾಡಬ್ಯಾಡ್ರಿ."

"ಹಂಗಾರ ಇವ್ರ ತಲೀನೂ ಒಮ್ಮಿ ಬಿಚ್ಚಿ, ತಿರುಗ್ಸಿ ಕೂಡಿಸಿಬಿಡ್ರಿ."

ಚಾಚಾ ನನ್ನ ಗಂಡನ ತಲೆಯನ್ನು ಒಂದು ಗಳಿಗೆ ನೋಡಿದರು. "ಅದಕ್ಕ ಪ್ಯಾಕಿಂಗ್ ಸಿಗಂಗಿಲ್ಲ ಭಾಭಿ," ಎಂದರು.

೪. ಅಳು

ಭಾನುವಾರ ಸಂಜೆ ಇಂಜಿನ್ ಚಾಲೂ ಮಾಡುವ ಮುಹೂರ್ತ. ಪೂರ್ವಕ್ಕೆ ಮುಖ ಮಾಡಿ ಕೂತ ಇಂಜಿನ್ನಿಗೆ ವಿಭೂತಿ, ಕುಂಕುಮ, ಹೂವು ಎಲ್ಲ ಆಯಿತು. ಅರ್ಧ ಊರು ಅಂಗಳದಲ್ಲಿತ್ತು. ನಾನು ನೋಡಲು ಹೊರಗೆ ಬಂದರೆ ನನ್ನ ಗಂಡ, "ಹೆಣ್ಣಮಕ್ಕಳು ಒಳಗ ಇರ್ರಿ, ಇದು ಇಂಜಿನ್ನಿನ ಕೆಲಸ" ಎಂದ.

ಆಗಲಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹೋಳಿಗೆಗೆ ಶೇಂಗಾ ಹುರಿಯುತ್ತ ಕೂತೆ. ಜೀವನದಲ್ಲಿ ನನ್ನ ಗಂಡ ನನಗೆ ಮಾಡಿದ ದೊಡ್ಡ ಉಪಕಾರ ಅದು.

ಇಂಜಿನ್ ಬಂದದ್ದು ಖಾರದ ಗಿರಣಿಯಿಂದ ಅಂದೆನಲ್ಲ. ಹೊಟ್ಟೆಯೊಳಗಿನ ಸಾಮಾನೆಲ್ಲ ಚಾಚಾ ತೊಳೆದಿದ್ದರು, ಅದೂ ನನ್ನ ಪರಾತದಲ್ಲಿ. ಆದರೆ ಗಾಳಿ ಎಳೆಯುವ ಡಬ್ಬಿ, ಚಕ್ರಗಳ ಸಂದು, ಹೊಗೆ ಕೊಳವೆಯ ಮೇಲಿನ ಮುಚ್ಚಳ, ಇವನ್ನು ಯಾರೂ ಮುಟ್ಟಿರಲಿಲ್ಲ. ಗಿರಣಿ ನಡೆದಷ್ಟು ವರ್ಷ ಕೂತ ಖಾರದಪುಡಿ ಅಲ್ಲಿ ಗಟ್ಟಿ ಹೆಪ್ಪುಗಟ್ಟಿ ಕೂತಿತ್ತು. ಹ್ಯಾಂಡಲ್ ತಿರುವಿದರು. ಇಂಜಿನ್ ಕೆಮ್ಮಿತು, ಗುಡುಗಿತು, ಆಮೇಲೆ ಚಕ್ರಗಳು ಭರ್ರನೆ ತಿರುಗಿ ಅಷ್ಟನ್ನೂ ಅಂಗಳದ ಮೇಲೆ ಎರಚಿದವು.

ಕಿಟಕಿಯಿಂದ ನೋಡಿದೆ. ಊರ ಗಂಡಸರೆಲ್ಲ ಕಣ್ಣು ಮುಚ್ಚಿಕೊಂಡು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಅಳುತ್ತಿದ್ದರು. ಸಲಹೆ ಕೊಡಲು ಬಂದವರೆಲ್ಲ ಸೀನುತ್ತಿದ್ದರು. ಕೋಳಿಗಳು ಮಾಳಿಗೆ ಹತ್ತಿದ್ದವು.

ಆಗಲೇ ಮಗಳ ವಿಡಿಯೋ ಕಾಲ್ ಬಂತು. ಫೋನ್ ನನ್ನ ಗಂಡನ ಜೇಬಿನಲ್ಲಿತ್ತು. ಅವನು ಕಣ್ಣು ತೆರೆಯಲಾರದೆ ತಡಕಾಡಿ ಒತ್ತಿ ಮುಖದ ಮುಂದೆ ಹಿಡಿದ. ಮಗಳಿಗೆ ಕಂಡದ್ದು ಬಿಕ್ಕಿ ಬಿಕ್ಕಿ ಅಳುವ ಅಪ್ಪ, ಹಿಂದೆ ಅಳುವ ಸೋದರಮಾವ, ಅದರ ಹಿಂದೆ ಅಳುವ ಇಡೀ ಊರು, ಪಕ್ಕದಲ್ಲಿ ಹೂವು ಕುಂಕುಮ.

"ಅಪ್ಪಾ! ಏನಾತು? ಅವ್ವ ಎಲ್ಲಿ? ಅವ್ವ ಹ್ಯಾಂಗದಾಳ?"

ನನ್ನ ಗಂಡ ಬಾಯಿ ತೆರೆದ. ಸೀನು ಬಂತು, ಮಾತು ಬರಲಿಲ್ಲ. ಮತ್ತೆ ಅತ್ತ. ಮಗಳು ಕಿಟಾರನೆ ಕಿರುಚಿದ್ದು ಒಳಗೆ ನನಗೆ ಕೇಳಿಸಿತು. ಸೆರಗು ಮೂಗಿಗೆ ಒತ್ತಿಕೊಂಡು ಓಡಿ ಹೋಗಿ ಫೋನ್ ಕಸಿದುಕೊಂಡೆ. "ನಾ ಇಲ್ಲೇ ಅದೀನಿ, ಸತ್ತಿಲ್ಲ, ಇಂಜಿನ್ ಚಾಲೂ ಆತು ಅಷ್ಟೇ!" ಎಂದು ಕೂಗಿದೆ.

ಅಷ್ಟರಲ್ಲಿ ಆ ಕಡೆ ಫೋನ್ ಬೀಗ್ತಿಯ ಕೈಗೆ ಹೋಗಿತ್ತು. ಅವಳು ನನ್ನ ಗಂಡನನ್ನು ಚೆನ್ನಾಗಿ ನೋಡಿಕೊಂಡಳು.

"ಇಂಜಿನ್ ಚಾಲೂ ಆಗಿದ್ದಕ್ಕ ಇಷ್ಟು ಅಳ್ತಾನಲ್ಲ," ಎಂದಳು. "ಮಗಳನ್ನ ಕಳಿಸೋ ದಿನ ಒಂದು ಹನಿ ಹಾಕ್ಲಿಲ್ಲ ಈ ಮನಿಷ್ಯಾ!"

೫. ಸೋಮವಾರದ ರಜೆ

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ದಿನ, ಎತ್ತಿಗೆ ವಿಶ್ರಾಂತಿ. ಹೊಲಕ್ಕೆ ಯಾರೂ ಹೋಗದೆ ಎಲ್ಲರೂ ಮನೆಯಲ್ಲಿರುತ್ತಾರೆಂದೇ ಬೀಗರು ಕುಬಸವನ್ನು ಸೋಮವಾರ ಇಟ್ಟಿದ್ದರು. ಅದೆಲ್ಲ ನನಗೂ ಗೊತ್ತು, ನಾನೂ ಕೈ ಮುಗಿಯುತ್ತೇನೆ. ಅದಕ್ಕೇ ದೋಣಿಯನ್ನು ಹೊಳೆಗೆ ಎಳೆಯಲು ಎತ್ತು ಕೇಳದೆ ಪಕ್ಕದ ಮನೆಯ ಕಾಕಾನ ಟ್ರ್ಯಾಕ್ಟರ್ ಹೇಳಿದ್ದೆವು. ಕಾಕಾ ಹ್ಞೂಂ ಎಂದಿದ್ದರು.

ಸೋಮವಾರ ಬೆಳಿಗ್ಗೆ ಶೇಂಗಾ ಹೋಳಿಗೆ, ಎಣ್ಣೆ ಹೋಳಿಗೆ, ಕಡುಬು, ರೊಟ್ಟಿ, ಪುಂಡಿಪಲ್ಲೆ, ಮೊಸರನ್ನ ಎಲ್ಲ ಬುಟ್ಟಿಗೆ ತುಂಬಿ ಬಿಳಿ ಬಟ್ಟೆ ಕಟ್ಟಿ ಕೂತೆ. ಟ್ರ್ಯಾಕ್ಟರ್ ಬರಲಿಲ್ಲ. ಹೋಗಿ ನೋಡಿದೆ. ಕಾಕಾ ಟ್ರ್ಯಾಕ್ಟರಿಗೆ ಮೈ ತೊಳೆಸಿ, ಹಣೆಗೆ ವಿಭೂತಿ ಎಳೆದು, ಮುಂದೆ ಒಂದು ಹಿಡಿ ಹಸಿ ಹುಲ್ಲು ಇಟ್ಟು ಕೂತಿದ್ದರು.

"ಕಾಕಾ, ಹೊತ್ತಾತು! ದೋಣಿ ಎಳೀಬೇಕು!"

"ಇವತ್ತು ಸೋಮವಾರ ಅಲ್ಲೇನವ್ವಾ? ನೀ ಕುಬಸ ಅಂತ ಹೇಳೀದಿ, ಸೋಮವಾರ ಅಂತ ಹೇಳಿಲ್ಲ."

"ಸೋಮವಾರ ಎತ್ತಿಗಿ ರಜಾ. ಇದು ಟ್ರ್ಯಾಕ್ಟರ್!"

"ಎತ್ತು ಮಾರೇ ಇದನ್ನ ತಂದೀನಿ. ಎತ್ತು ಹೊರಡೋ ದಿನ ನಮ್ಮವ್ವ ಅವುಗಳ ಮೂಗುದಾಣ ಹಿಡಿದು ಅತ್ತಳು. ಆ ಜಾಗಾದಾಗ ಬಂದದ್ದಕ್ಕ ಆ ಮರ್ಯಾದಿನೇ ಕೊಡ್ತೀನಿ ಅಂತ ಆಣಿ ಮಾಡ್ಸಿಕೊಂಡಾಳ. ಸೋಮವಾರ ನಾ ಇದರ ಚಾವೀನೂ ಮುಟ್ಟಂಗಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಸೂರ್ಯ ಮೇಲೆ ಬರುತ್ತಿದ್ದ. ಎದುರು ದಂಡೆಯಲ್ಲಿ ನನ್ನ ಮಗಳು ಮಣೆಯ ಮೇಲೆ ಕೂತು ದಾರಿ ಕಾಯುತ್ತಾಳೆ, ಇಲ್ಲಿ ಒಂದು ಟ್ರ್ಯಾಕ್ಟರ್ ಹುಲ್ಲು ಮುಂದಿಟ್ಟುಕೊಂಡು ಕೂತಿದೆ. "ಕಾಕಾ," ಎಂದೆ, "ನನ್ನ ಮಗಳಿಗೆ ನಿಮ್ಮ ತೊಡೀ ಮ್ಯಾಲೇ ಕೂಡಿಸಿ ಕಿವಿ ಚುಚ್ಚಿಸೀವಿ. ಇವತ್ತ ಅಕಿ ಉಡಿ ಖಾಲಿ ಇರಬೇಕೇನು?"

ಕಾಕಾ ಎದ್ದು ಟ್ರ್ಯಾಕ್ಟರಿನ ಹಣೆ ಮುಟ್ಟಿ ನಮಸ್ಕಾರ ಮಾಡಿದರು. ಒಳಗಿನಿಂದ ಹಗ್ಗ ತಂದರು. ಅಂಗಿ ಕಳಚಿ ಹಗ್ಗವನ್ನು ತಮ್ಮ ಹೆಗಲಿಗೇ ಸುತ್ತಿಕೊಂಡು, "ಆಣಿ ಟ್ರ್ಯಾಕ್ಟರಿಂದು, ನಂದಲ್ಲ. ನಡೀ" ಎಂದರು.

ಅವರ ಹಿಂದೆ ಓಣಿಯ ಗಂಡಸರೆಲ್ಲ ಹಗ್ಗ ಹಿಡಿದರು. ನೀರಾವರಿಯ ಪೈಪಿನ ತುಂಡುಗಳ ಮೇಲೆ ದೋಣಿ ಉರುಳುತ್ತ ಹೊಳೆಯ ಕಡೆ ಹೊರಟಿತು. ಏದುಸಿರು ಬಿಡುತ್ತ ಕಾಕಾ ತಮ್ಮ ಮನೆ ದಾಟುವಾಗ ಅವರ ಮುದುಕಿ ತಾಯಿ ಬಾಗಿಲಿಗೆ ಬಂದಳು, ಒಮ್ಮೆ ನೆರಳಲ್ಲಿ ನಿಂತ ಟ್ರ್ಯಾಕ್ಟರ್ ನೋಡಿದಳು, ಒಮ್ಮೆ ಹಗ್ಗ ಎಳೆಯುವ ಮಗನನ್ನು ನೋಡಿದಳು.

"ಪಾಪ, ಜಳ ಭಾಳ ಅದ," ಎಂದು ಹೇಳಿ, ಒದ್ದೆ ಗೋಣಿಚೀಲ ತಂದು ಟ್ರ್ಯಾಕ್ಟರಿನ ಮೇಲೆ ಹಾಕಿದಳು.

೬. ಬರುವವರೋ ಹೋಗುವವರೋ

ದೋಣಿ ನೀರಿಗೆ ಬಿತ್ತು. ಹೊಳೆ ತುಂಬಿತ್ತು, ಆದರೆ ಬಾಂದಾರ ಕಟ್ಟಿ ನಿಲ್ಲಿಸಿದ ನೀರಾದ್ದರಿಂದ ಸೆಳವಿರಲಿಲ್ಲ. ನಾನು, ನನ್ನ ಗಂಡ, ಸೋದರಮಾವನೆಂದು ನನ್ನ ತಮ್ಮ, ಇಂಜಿನ್ ನೋಡಿಕೊಳ್ಳಲು ಮಿಸ್ತ್ರಿ ಚಾಚಾ. ನಡುವೆ ಬುತ್ತಿಯ ಬುಟ್ಟಿಗಳು. ದೋಣಿಯ ಮೂತಿ ಎದುರು ದಂಡೆಗೆ. ದಂಡೆಯ ಮೇಲೆ ಕಳಿಸಲು ಬಂದ ಊರು. ಹ್ಯಾಂಡಲ್ ತಿರುವಿದರು, ಇಂಜಿನ್ ಗುಡುಗಿತು.

ದೋಣಿ ಹಿಂದಕ್ಕೆ ಹಾರಿ ದಂಡೆ ಹತ್ತಿತು. ಕಾಕಾ ಕೆಸರಿನಲ್ಲಿ ಕೂತರು.

ಗಳೆ ಹಾಕಿ ಮತ್ತೆ ನೀರಿಗೆ ತಳ್ಳಿ ಮತ್ತೆ ಚಾಲೂ ಮಾಡಿದರು. ಮತ್ತೆ ಹಿಂದಕ್ಕೆ. ಕಾಕಾ ಆಗಷ್ಟೇ ಎದ್ದಿದ್ದರು.

"ನಾ ಹೇಳ್ಲಿಲ್ಲೇನು? ಸೋಮವಾರ ಅದ, ಬಸವಣ್ಣ ಒಲ್ಲೆ ಅಂತಾನ!" ಎಂದು ಕೆಸರಿನಿಂದಲೇ ಕೂಗಿದರು.

ಚಾಚಾ ದೋಣಿಯ ಹಿಂದಿನ ಪಂಖಾ ನೋಡಿದರು, ಇಂಜಿನ್ ನೋಡಿದರು, ಕೊನೆಗೆ ನನ್ನ ಗಂಡನನ್ನು ನೋಡಿದರು. "ಪೂರ್ವಕ್ಕ ಮಾರಿ ಮಾಡಿ ಕೂಡ್ಸಿದ್ದಕ್ಕ ಪಂಖಾ ಉಲ್ಟಾ ತಿರುಗ್ಲಿಕತ್ತದ. ಇನ್ನ ಇದು ಹಿಂದಕ್ಕೇ ಹೋಗೋದು."

"ನೀವೇ ತಿರುಗ್ತದ ಅಂದ್ರಲ್ಲ ಚಾಚಾ!" ಎಂದೆ.

"ತಿರುಗ್ತದ ಅಂದೆ, ತಿರುಗ್ಲಿಕತ್ತದ. ಯಾವ ಕಡಿ ಅಂತ ಯಾರ್ ಕೇಳಿದ್ರಿ?"

ಮತ್ತೆ ಬಿಚ್ಚಿ ಕೂಡಿಸಲು ಹೊತ್ತಿರಲಿಲ್ಲ. ಗಳೆ ಹಾಕಿಯೇ ಹೋಗೋಣವೆಂದರೆ ಬಾಂದಾರ ಕಟ್ಟಿದ ಮೇಲೆ ನಡುಹೊಳೆಯಲ್ಲಿ ಗಳೆ ತಳ ಮುಟ್ಟುವುದಿಲ್ಲ. ಗಂಡಸರು ಮೂವರೂ ತಪ್ಪು ಯಾರದೆಂದು ಚರ್ಚೆಗೆ ಕೂತರು. ನನಗೆ ತಡೆಯಲಾಗಲಿಲ್ಲ. ದೋಣಿಯ ನಡುವೆ ಎದ್ದು ನಿಂತು, ಎರಡೂ ದಂಡೆಗೆ ಕೇಳುವ ಹಾಗೆ ಕೂಗಿದೆ: "ಹಿಂದಕ್ಕ ಹೋಗ್ತದಂದ್ರ ಹಿಂದಕ್ಕೇ ಹೋಗಲಿ! ಕುಂಡಿ ಆ ದಂಡಿಗಿ ತಿರುಗಸ್ರಿ!"

ತಿರುಗಿಸಿದರು. ಮೂತಿ ನಮ್ಮೂರಿಗೆ, ಹಿಂಬದಿ ಬೀಗರ ಊರಿಗೆ. ದೋಣಿ ಹೊರಟೇ ಬಿಟ್ಟಿತು. ಆ ಹಿಂಬದಿ ಮೊಂಡಾಗಿರುವುದರಿಂದ ನೀರು ಒಳಕ್ಕೆ ಎರಚುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟು, ಬುಟ್ಟಿಗಳಿಗೆ ಅಡ್ಡವಾಗಿ, ಎಲ್ಲರೂ ನಮ್ಮೂರಿನ ಕಡೆ ಮುಖ ಮಾಡಿ ಕೂತೆವು. ನನ್ನ ಗಂಡ ಚುಕ್ಕಾಣಿ ಹಿಡಿದು ಕುತ್ತಿಗೆ ಹೊರಳಿಸಿ ದಾರಿ ನೋಡುತ್ತಿದ್ದ. ನಮ್ಮ ಊರು ನಮಗೆ ಕಾಣುತ್ತ ದೂರ ಹೋಗುತ್ತಿತ್ತು. ತಂಬಿಗೆಯಿಂದ ನೀರು ಎತ್ತಿ ಹಾಕುತ್ತ ನಾನು ಇಡೀ ವಾರದ ಸಿಟ್ಟನ್ನು ಕಾಗಿಣೆಗೆ ಚೆಲ್ಲುತ್ತಿದ್ದೆ.

ಬೀಗರ ದಂಡೆಯಲ್ಲಿ ಹೆಂಗಸರೆಲ್ಲ ಆರತಿ ಹಿಡಿದು ನಿಂತಿದ್ದರು. ಬೀಗರ ಊರಿಗೆ ಹೋಗುವಾಗ ಮೊದಲು ಕಾಣಬೇಕಾದದ್ದು ನಗುಮುಖ. ಅವರಿಗೆ ಕಂಡದ್ದು ಸಾಲಾಗಿ ನಾಲ್ಕು ಬೆನ್ನು. ದೋಣಿ ದಂಡೆಗೆ ತಾಗುವ ಮೊದಲೇ ಬೀಗ್ತಿಯ ದನಿ ಬಂತು:

"ಬೀಗರು ಬರ್ಲಿಕತ್ತಾರೋ, ಮುನಿಸಿಕೊಂಡು ತಿರುಗಿ ಹೊಂಟಾರೋ?"

ಅಷ್ಟೇ ಸಾಕಾಯಿತು. ದೋಣಿಯಿಂದ ಇಳಿದವಳೇ ಮೊಣಕಾಲು ನೀರಿನಲ್ಲಿ ನಿಂತು, ಬೀಗ್ತಿ ಎಂಬುದನ್ನೂ ನೋಡದೆ ಶುರು ಮಾಡಿದೆ. ಕಂಬಳಿ, ಪೇಡೆ, ಕತ್ತರಿ, ಪರಾತ, ಡೀಸೆಲ್ ರೊಟ್ಟಿ, ಪೂರ್ವದಿಕ್ಕು, ಖಾರದಪುಡಿ, ಹುಲ್ಲು ಮುಂದಿಟ್ಟುಕೊಂಡ ಟ್ರ್ಯಾಕ್ಟರ್, ಒಂದನ್ನೂ ಬಿಡಲಿಲ್ಲ. "ಇಷ್ಟೆಲ್ಲಾ ದಾಟಿ ಬಂದೀನಿ. ಬೆನ್ನು ಮಾಡಿ ಬಂದೆನೋ ತಲಿ ಕೆಳಗ ಮಾಡಿ ಬಂದೆನೋ, ನನ್ನ ಮಗಳ ಉಡಿ ತುಂಬಲಿಕ್ಕೆ ಹೊತ್ತಿಗಿ ಬಂದೀನಿ. ಇನ್ನೇನು ಅನ್ನೋದದ, ಅನ್ನು!" ಎಂದೆ. ಕೊನೆಯ ಮಾತಿಗೆ ಅಳು ಬಂದುಬಿಟ್ಟಿತು.

ಮೊದಲು ನಕ್ಕವಳು ನನ್ನ ಮಗಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳನ್ನು ನೋಡಿ ಬೀಗ್ತಿ ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗದೆ ಉಸುಕಿನ ಮೇಲೆ ಕೂತೇ ನಕ್ಕಳು. "ಯಕ್ಕಾ," ಎಂದಳು ಆಮೇಲೆ, ನನ್ನ ಕೈ ಹಿಡಿದು ನೀರಿನಿಂದ ಎಳೆದುಕೊಳ್ಳುತ್ತ, "ಟ್ರ್ಯಾಕ್ಟರಿಗಿ ಖರೇನೇ ಹುಲ್ಲು ಇಟ್ಟಿದ್ರೇನು?"

ಉಡಿ ತುಂಬಿದೆವು, ಆರತಿ ಆಯಿತು. ತೋಳಿನ ಮೇಲಿನ ಹೆಬ್ಬೆರಳ ಗುರುತು ಬೀಗ್ತಿಯ ಕಣ್ಣಿಗೆ ಬಿದ್ದೇ ಬಿತ್ತು. ಅವಳು ಅದನ್ನು ಒಂದು ಸಲ ಸವರಿ, "ಇರ್ಲಿ, ಕೂಸಿಗಿ ದೃಷ್ಟಿ ಆಗಂಗಿಲ್ಲ" ಎಂದಳು. ಇಷ್ಟು ದಿನ ಅವಳ ಮೇಲೆ ಸಿಟ್ಟು ಕಾಪಿಟ್ಟುಕೊಂಡದ್ದೆಲ್ಲ ದಂಡ ಎನಿಸಿತು.

ಸಂಜೆ ಹೊರಡಲು ನಿಂತೆವು. ಮಗಳು ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸಣ್ಣವಳಿದ್ದಾಗ ಸಾಲೆಗೆ ಬಿಟ್ಟು ಬರುವಾಗ ಹೀಗೇ ಮಾಡುತ್ತಿದ್ದಳು. ಬೀಗ್ತಿ ಅದನ್ನು ನೋಡಿದಳು. "ಉಲ್ಟಾ ಹೋಗೋ ದೋಣ್ಯಾಗ ನಾ ಯಾರನ್ನೂ ಕಳ್ಸಂಗಿಲ್ಲ. ಇಂಜಿನ್ ಸೀದಾ ಆಗೂತನಕ ಇಲ್ಲೇ ಇರ್ರಿ," ಎಂದಳು. ಇಂಜಿನ್ ಕೆಟ್ಟಿದೆ ಎಂದ ಮೇಲೆ ಉಳಿದರೆ ಯಾರೇನು ಅಂದಾರು? ಚಾಚಾ ಮತ್ತು ನನ್ನ ತಮ್ಮ ಮರುದಿನ ಬಸ್ಸು ಹಿಡಿದು ಹೋದರು. ನಾವು ಉಳಿದೆವು.

ಬುಧವಾರ ಬೆಳಿಗ್ಗೆ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದೆ. ನನ್ನ ಗಂಡ ಪಾನಾ ಹಿಡಿದು ಬಂದ.

"ನಾನೇ ತಿರುಗ್ಸಿ ಕೂಡಿಸ್ತೀನಿ, ಏನು ದೊಡ್ಡ ಕೆಲಸ. ಮಧ್ಯಾಹ್ನಕ್ಕ ಮನಿ ಮುಟ್ಟೋಣ."

"ಆ ಇಂಜಿನ್ ಮುಟ್ಟಿದ್ರ ಕೈ ಮುರೀತೀನಿ," ಎಂದೆ.

"ಯಾಕ?"

"ಇವತ್ತು ಸೋಮವಾರ."

"ಏ, ಇವತ್ತು ಬುಧವಾರ!"

"ನಮ್ಮ ಇಂಜಿನ್ನಿಗಿ ಈ ವಾರ ದಿನಾ ಸೋಮವಾರ."

ಅಷ್ಟರಲ್ಲಿ ಅಡುಗೆಮನೆಯಿಂದ ಬೀಗ್ತಿಯ ದನಿ ಬಂತು:

"ನಾಳೀನೂ ಸೋಮವಾರ ಅದರಿ ಬೀಗ್ರ, ಪಾನಾ ಇಟ್ಟು ಚಾ ಕುಡೀರಿ!"